ಭೋಸರಿಯ ಶೆಡ್ಡಿನಲ್ಲಿ ಮಿಕ್ಸೆಡ್ ಕರ್ಲಿಂಗ್: ನನ್ನ ಅನುಭವ

ಕರ್ಲಿಂಗ್ ಅಂದರೆ ಬರ್ಫಿನ, ಅಂದರೆ ಮಂಜುಗಡ್ಡೆಯ, ಮೇಲೆ ಭಾರದ ಕಲ್ಲು ಜಾರಿಸಿ ದೂರದ ವೃತ್ತದ ನಡುವಿಗೆ ಹತ್ತಿರ ನಿಲ್ಲಿಸುವ ಆಟ. ನಾವು ಅದನ್ನು ಬರ್ಫಿಲ್ಲದೆ ಶೆಡ್ಡಿನ ನೆಲದ ಮೇಲೆ ಆಡಿದೆವು. ಪೂರ್ತಿ ಎಂಟು ಎಂಡ್ (ಸುತ್ತು), ಹದಿನಾರೂ ಕಲ್ಲು, ನಡುವೆ ಒಂದೂ ಕೈಕೊಡಲಿಲ್ಲ. ಅದಾದ ಮೇಲೇ ಬರೆಯೋಣ ಅಂತ ಇಷ್ಟು ದಿನ ಸುಮ್ಮನಿದ್ದೆ. "ಪುಣೇದಾಗ ಬರ್ಫ ಎಲ್ಲೈತಪಾ?" ಅಂತ ಎರಡು ವರ್ಷ ನಕ್ಕ ವಿಜಯಪುರದ ನಮ್ಮ ಷಡ್ಡಕನೇ ಈಗ ನಮ್ಮ ಸೆಕೆಂಡ್, ಅಂದರೆ ತಂಡದಲ್ಲಿ ಎರಡನೆಯವನಾಗಿ ಕಲ್ಲು ಬಿಡುವವನು.

ಕೆನಡಾದವರು 1964ರಿಂದ ರಾಷ್ಟ್ರೀಯ ಮಿಕ್ಸೆಡ್ ಆಡುತ್ತಾರಲ್ಲ, ನಮ್ಮದೂ ಅದೇ ಲೆಕ್ಕ: ಇಬ್ಬರು ಗಂಡಸರು, ಇಬ್ಬರು ಹೆಂಗಸರು, ಒಬ್ಬರಾದ ಮೇಲೆ ಒಬ್ಬರು. ತಂಡ ನಡೆಸುವ ಸ್ಕಿಪ್ ನನ್ನ ಹೆಂಡತಿ. ನನ್ನ ಕೂಗು ಯಾರೂ ಕೇಳುವುದಿಲ್ಲ.

ನೆಲ ಸಿಕ್ಕಿದ್ದು ಅದೃಷ್ಟ. ಪರಿಚಯದವರ ಖಾಲಿ ಶೆಡ್, ಎಪಾಕ್ಸಿ ಹಾಕಿದ್ದು, ಇಪ್ಪತ್ತೈದು ಮೀಟರ್ ಇರಬಹುದು. ಹೌಸನ್ನು, ಅಂದರೆ ಗುರಿಯ ವೃತ್ತಗಳನ್ನು, ಫ್ಲೆಕ್ಸ್‌ನಲ್ಲಿ ಪ್ರಿಂಟ್ ಮಾಡಿಸಿದೆ, ಎರಡು ಸಾವಿರ ಹೋಯಿತು. ಕಲ್ಲು ಆ ಫ್ಲೆಕ್ಸಿನ ಅಂಚಿಗೆ ಬಂದು ಎಮ್ಮೆಯಂತೆ ನಿಂತುಬಿಟ್ಟಿತು. ಕೊನೆಗೆ ದಾರ, ಸೀಮೆಸುಣ್ಣ. ಆರು, ನಾಲ್ಕು, ಎರಡು ಅಡಿ ತ್ರಿಜ್ಯ. ಖರ್ಚು ಹತ್ತು ರೂಪಾಯಿ.

ಕಲ್ಲುಗಳೇ ನನ್ನನ್ನು ನುಂಗಿದ್ದು. ಜುನಾ ಬಜಾರಿನ ಅಲ್ಯೂಮಿನಿಯಂ ಬೋಗುಣಿಗೆ ಕಾಂಕ್ರೀಟ್ ತುಂಬಿ, ಬಾಗಿಲಿನ ಹಿಡಿ ಕೂರಿಸಿದೆ. ಒಂದೊಂದು ಎಂಟೊಂಬತ್ತು ಕೆಜಿ. ನಿಜವಾದ ಕಲ್ಲಿನ ಅರ್ಧ ತೂಕ, ನಮ್ಮ ಸೊಂಟಕ್ಕೆ ಅದೇ ಸಾಕು. ಮೊದಲ ಆರನ್ನು ಟೆರೇಸಿನ ಇಳಿಜಾರಿನಲ್ಲಿ ಒಣಗಿಸಿದ್ದೆ. ಭಾರವೆಲ್ಲ ಒಂದು ಕಡೆಗೆ ಸೇರಿ, ಆರಕ್ಕೆ ಆರೂ ಸೊಟ್ಟ ಓಡಿದವು. ಕಲ್ಲಿನ ತಳಕ್ಕೆ ನಾಲ್ಕು ಕ್ಯಾಸ್ಟರ್ (ದಿಕ್ಕು ಬದಲಿಸುವ ಪುಟ್ಟ ಚಕ್ರ) ಹಾಕಿದ್ದು ಇನ್ನೊಂದು ದಡ್ಡತನ. ಕೈಬಿಟ್ಟ ಕೂಡಲೇ ಚಕ್ರಗಳು ತಿರುಗಿ ಕಲ್ಲನ್ನು ಪಕ್ಕಕ್ಕೆ ಒದೆಯುತ್ತಿದ್ದವು. ಐದಾರು ಸಾವಿರ ಅಲ್ಲೇ ಮಣ್ಣುಪಾಲು.

ಆಮೇಲೆ ಬಾಲ್ ಟ್ರಾನ್ಸ್‌ಫರ್, ಅಂದರೆ ಬಟ್ಟಲಿನಲ್ಲಿ ಕೂತು ಎಲ್ಲ ಕಡೆಗೂ ಉರುಳುವ ಗುಂಡು. ನಾಲ್ಕಲ್ಲ, ಮೂರು, ನಾಲ್ಕಾದರೆ ನೆಲ ಕೂದಲೆಳೆಯಷ್ಟು ಏರುಪೇರಿದ್ದರೂ ಕುಂಟುತ್ತದೆ. ಆದರೆ ಅವು ಎಷ್ಟು ಸಲೀಸೆಂದರೆ, ಹೌಸಿನ ಮುಂದೆ ಅಡ್ಡ ನಿಲ್ಲಲೆಂದು ಮೆಲ್ಲಗೆ ಬಿಟ್ಟ ಕಲ್ಲು (ಗಾರ್ಡ್) ಕೂಡ ಹೋಗಿ ಶಟರಿಗೆ ಗುದ್ದಿತು. ಗುಂಡಿನ ಬಟ್ಟಲಿಗೆ ಗ್ರೀಸ್ ಮತ್ತು ಅಡುಗೆಮನೆಯ ಒಂದು ಎಣ್ಣೆ ಬೆರೆಸಿ ಹಾಕಿದ ಮೇಲೆ ವೇಯ್ಟ್, ಅಂದರೆ ಕಲ್ಲು ಬಿಡುವ ವೇಗ, ಕೈಗೆ ಬಂತು. ಯಾವ ಎಣ್ಣೆ, ಎಷ್ಟು ಹನಿ ಅಂತ ಕೇಳಬೇಡಿ. ಎಂಟು ತಿಂಗಳು ತಿಂದ ಗುಟ್ಟು ಅದು. ಒಂದೊಂದು ಕಲ್ಲಿಗೆ ಎಲ್ಲ ಸೇರಿ ಒಂಬತ್ತುನೂರರ ಸುಮಾರು ಬಿದ್ದಿರಬೇಕು, ಹಾಳಾದದ್ದು ಬಿಟ್ಟು.

ಕರ್ಲ್, ಅಂದರೆ ತಿರುಗುತ್ತಾ ಹೋಗುವ ಕಲ್ಲು ದಾರಿಯಲ್ಲಿ ಬಾಗುವುದು, ಮಾತ್ರ ಬರಲಿಲ್ಲ, ಗುಂಡು ಉರುಳುತ್ತದೆಯೇ ಹೊರತು ಜಾರುವುದಿಲ್ಲ. ಆ ತಲೆಬಿಸಿಯಲ್ಲಿ ಒಂದು ರಾತ್ರಿ ಸ್ಟೀಲ್ ಲೋಟ ಬೋರಲು ಹಾಕಿ, ಗಡಿಯಾರದ ಮುಳ್ಳಿನಂತೆ ತಿರುಗಿಸಿ ಅಡುಗೆ ಕಟ್ಟೆಯ ಮೇಲೆ ತಳ್ಳಿದೆ. ಬರ್ಫಿನ ಕಲ್ಲು ಹಾಗೆ ತಿರುಗಿದರೆ ಬಲಕ್ಕೆ ಬಾಗುತ್ತದೆ. ಲೋಟ ಎಡಕ್ಕೆ ಹೋಗಿ ಸಿಂಕಿಗೆ ಬಿತ್ತು! ಇಪ್ಪತ್ತು ಸಲ ತಳ್ಳಿದರೂ ಎಡಕ್ಕೇ. ಹೆಂಡತಿ ಎದ್ದು ಬಂದು ಲೋಟ ಕಸಿದುಕೊಂಡಳು.

ಬರ್ಫಿನಲ್ಲಿ ಕಲ್ಲಿನ ಮುಂದೆ ಬ್ರಷ್ ಉಜ್ಜಿ ಅದನ್ನು ಇನ್ನಷ್ಟು ದೂರ ಒಯ್ಯುವ ಸ್ವೀಪಿಂಗೂ ಇಲ್ಲಿ ನಾಟಕವೇ, ಬ್ರಷ್ ಉಜ್ಜಿದರೆ ಧೂಳು ಹೋಗುತ್ತದೆ ಅಷ್ಟೆ. ಆದರೆ ಡ್ರಾ (ಕಲ್ಲನ್ನು ಹೌಸಿನೊಳಗೆ ನಿಲ್ಲಿಸುವುದು) ಕಲಿಯಲು ಇದಕ್ಕಿಂತ ಅಗ್ಗದ ದಾರಿ ನಾನಂತೂ ಕಂಡಿಲ್ಲ. ಎಂಟನೇ ಎಂಡಿನ ಕೊನೇ ಕಲ್ಲು ಹೆಂಡತಿಯದು. ಗಾರ್ಡ್ ಪಕ್ಕ ನುಸುಳಿ ಬಟನ್ನಿಂದ, ಅಂದರೆ ಹೌಸಿನ ನಟ್ಟನಡುವಿನಿಂದ, ಒಂದು ಗೇಣು ದೂರ ನಿಂತಿತು. ಷಡ್ಡಕ ಟೇಪ್ ಹಿಡಿದು ಮೂರು ಸಲ ಅಳೆದ.

ಶೆಡ್ಡಿಗೆ ಈಗ ಬಾಡಿಗೆಯವರು ಬಂದಿದ್ದಾರೆ. ಹದಿನಾರು ಬೋಗುಣಿಗಳೂ ನಮ್ಮ ಗ್ಯಾಲರಿಯಲ್ಲಿ, ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಕೆಳಗಿವೆ.