ಕಾಫಿ ತೋಟದಲ್ಲಿ ನವರಂಗ: ಮೊದಲು ಕಿವಿ, ಆಮೇಲೆ ಕಣ್ಣು

ನವರಂಗ ಹಕ್ಕಿಯನ್ನು ಹುಡುಕುವವರು ಮರದ ಮೇಲೆ ಕಣ್ಣು ನೆಟ್ಟು ಮೋಸಹೋಗುತ್ತಾರೆ. ರಾತ್ರಿ ಮರದಲ್ಲಿ ತಂಗಿದರೂ ಅದು ಮೇಯುವುದು ನೆಲದಲ್ಲೇ, ತರಗೆಲೆ ಮಗುಚಿ ಹುಳ ಹೆಕ್ಕುತ್ತಾ. ಹಿಮಾಲಯದ ತಪ್ಪಲು, ಮಧ್ಯಭಾರತದ ಕಾಡುಗಳಲ್ಲಿ ಮರಿ ಮಾಡಿ, ಅಕ್ಟೋಬರ್ ಹೊತ್ತಿಗೆ ದಕ್ಷಿಣಕ್ಕಿಳಿಯುತ್ತದೆ. ಏಪ್ರಿಲ್‌ವರೆಗೂ ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಹುಡುಕಬಹುದು.

ಮೊದಲ ದಿನ ನೋಡಲು ಹೋಗಬೇಡಿ, ಕೇಳಲು ಹೋಗಿ. ನಸುಕಿನಲ್ಲಿ ಮತ್ತು ಸಂಜೆ ಆರರ ಆಸುಪಾಸಿನಲ್ಲಿ ‘ವ್ಹೀಟ್-ಟ್ಯೂ’ ಎಂದು ಎರಡು ಸ್ವರದ ಗಟ್ಟಿ ಸಿಳ್ಳೆ ಕೇಳಿಸುತ್ತದೆ. ತಮಿಳಿನಲ್ಲಿ ಇದಕ್ಕೆ ‘ಆರು ಮಣಿ ಕುರುವಿ’ ಎಂದೇ ಹೆಸರು. ದನಿ ಬಂದ ದಿಕ್ಕನ್ನು ಎರಡು ಕಡೆ ನಿಂತು ಗುರುತಿಸಿಕೊಂಡರೆ ಜಾಗ ಸಿಕ್ಕಂತೆ.

ಮರುದಿನ ಬೆಳಕು ಹರಿಯುವ ಮೊದಲೇ ಅಲ್ಲಿ ಕುಳಿತಿರಿ. ನಿಂತರೆ ಕಾಫಿ ಗಿಡದ ರೆಂಬೆಗಳು ಅಡ್ಡ ಬರುತ್ತವೆ, ಕುಳಿತರೆ ಗಿಡದ ಬುಡ ಕಾಣುತ್ತದೆ. ತರಗು ತುಂಬಿದ ತೊಟ್ಟಿಲುಗುಂಡಿಯ (ಮಳೆನೀರು ಇಂಗಲು ಕಾಫಿ ಗಿಡಗಳ ನಡುವೆ ತೋಡಿದ ಗುಂಡಿ) ಅಂಚನ್ನು ನೋಡುತ್ತಿರಿ. ನೆರಳಿಗೆ 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಒಳ್ಳೆಯದು. ಬಣ್ಣ ಹುಡುಕಬೇಡಿ: ಬೆನ್ನು ಹಸಿರಾದ್ದರಿಂದ ಅತ್ತ ತಿರುಗಿದ ಹಕ್ಕಿ ಎದುರಿಗಿದ್ದರೂ ಕಾಣುವುದಿಲ್ಲ. ಅದರ ಸುಳಿವು ಕೊಡುವುದು ಚಲನೆ. ನಾಲ್ಕು ಹೆಜ್ಜೆ ಕುಪ್ಪಳಿಸಿ ಗಕ್ಕನೆ ನಿಲ್ಲುತ್ತದೆ, ಮೋಟು ಬಾಲವನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತದೆ.

ಇತ್ತ ತಿರುಗಿತೋ, ಮತ್ತೆ ಅನುಮಾನ ಉಳಿಯದು. ಕಣ್ಣಿನ ಮೇಲೆ ಹಾದ ದಪ್ಪ ಕಪ್ಪು ಪಟ್ಟಿ, ಅದರ ಮೇಲೆ ಬಿಳಿ ಹುಬ್ಬು, ಬಿಳಿ ಗಂಟಲು, ಮಾಸಲು ಹಳದಿ ಎದೆ, ಬಾಲದ ಬುಡದಲ್ಲಿ ಕುಂಕುಮ ಕೆಂಪು, ಭುಜದಲ್ಲಿ ಹೊಳೆಯುವ ನೀಲಿ. ಹಾರಿದರೆ ರೆಕ್ಕೆಯಲ್ಲಿ ಬಿಳಿ ಮಚ್ಚೆ ಮಿಂಚುತ್ತದೆ. ಇದೇ ತರಗಿನಲ್ಲಿ ಮೇಯುವ ಕಿತ್ತಳೆ ತಲೆಯ ನೆಲಸಿಳ್ಳಾರದ ಬೆನ್ನು ನೀಲಿಬೂದು, ಕೆನ್ನೆಯ ಪಟ್ಟಿಗಳು ಮೇಲಿಂದ ಕೆಳಕ್ಕಿರುತ್ತವೆ. ಹಸಿರು ರೆಕ್ಕೆಯ ಪಚ್ಚೆ ಪಾರಿವಾಳ ಇನ್ನೂ ದೊಡ್ಡದು, ಕೊಕ್ಕು ಕೆಂಪು.

ಮೊಬೈಲಿನಲ್ಲಿ ಕೂಗು ಹಾಕಿ ಕರೆಯಬೇಡಿ. ಎದುರಾಳಿ ಬಂತೆಂದು ಅದು ಮೇವು ಬಿಟ್ಟು ಅಲೆಯುತ್ತದೆ. ತೋಟದಲ್ಲಿ ಕೊಯ್ಲು ನಡೆಯುವ ಭಾಗಕ್ಕೆ ಹೋದರೂ ಪ್ರಯೋಜನವಿಲ್ಲ, ಜನರ ಓಡಾಟಕ್ಕೆ ಹಕ್ಕಿ ಸರಿದುಬಿಡುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆಯಾದರೆ ಆನೆ ಎಲ್ಲಿದೆಯೆಂದು ತೋಟದವರನ್ನು ಕೇಳದೆ ನಸುಕಿನಲ್ಲಿ ಕಾಲಿಡಲೇಬೇಡಿ.

ವಲಸೆಯ ದಿನಗಳಲ್ಲಿ ಕಿಟಕಿ ಗಾಜಿಗೆ ಬಡಿದು ಬಿದ್ದ ನವರಂಗ ಸಿಕ್ಕರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಬೆಕ್ಕು ಬಾರದ ಕತ್ತಲೆ ಕೋಣೆಯಲ್ಲಿಡಿ. ಬಾಯಿಗೆ ನೀರು ಹನಿಸಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಒಂದೆರಡು ಗಂಟೆಯಲ್ಲಿ ಚೇತರಿಸಿಕೊಂಡರೆ ಹಗಲು ಹೊತ್ತಿನಲ್ಲಿ ಪೊದೆಯ ಪಕ್ಕ ಪೆಟ್ಟಿಗೆ ತೆರೆದು ದೂರ ಸರಿಯಿರಿ. ಇಲ್ಲದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.