ಕರ್ಫ್ಯೂ ಕಾಲದಲ್ಲಿ ಡ್ರೋನ್: ಆಕಾಶದ ಅನುಮತಿ ಬೇರೆ, ನೆಲದ ಅನುಮತಿ ಬೇರೆ

ನಾನು ತಿಪಟೂರಿನ ಕಡೆಯವನು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ, ಬಿಡುವಿನಲ್ಲಿ ಡ್ರೋನ್ ಹಾರಿಸುತ್ತೇನೆ. 2022ರ ಜನವರಿಯಲ್ಲಿ ಕೋವಿಡ್‌ನಿಂದಾಗಿ ವಾರಾಂತ್ಯ ಕರ್ಫ್ಯೂ ಮತ್ತೆ ಬಂದಾಗ ಹುಡುಗರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಸರ್, ನಮ್ಮೂರು ನಕ್ಷೆಯಲ್ಲಿ ಹಸಿರು ವಲಯ. ಹಾಗಾದರೆ ಹಾರಿಸಬಹುದಲ್ಲವೇ?"

ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಮೊದಲೇ ಅನುಮತಿ ಕೇಳದೆ ಹಾರಿಸಬಹುದಾದ ಜಾಗವೇ ಹಸಿರು ವಲಯ. ಆದರೆ ಅದು ಅರ್ಧ ಉತ್ತರ ಮಾತ್ರ. ಡ್ರೋನ್ ಹಾರುವ ಆಕಾಶಕ್ಕೆ ಒಂದು ಕಾನೂನಿದೆ, ಅದನ್ನು ಹಾರಿಸುವವನು ನಿಂತಿರುವ ನೆಲಕ್ಕೆ ಇನ್ನೊಂದಿದೆ. ಮೊದಲನೆಯದನ್ನು ದೆಹಲಿಯ ನಾಗರಿಕ ವಿಮಾನಯಾನ ಸಚಿವಾಲಯ ಮಾಡುತ್ತದೆ. ಎರಡನೆಯದನ್ನು ರಾಜ್ಯ ಸರ್ಕಾರ, ಜಿಲ್ಲಾಧಿಕಾರಿ ಮತ್ತು ಪೊಲೀಸರು ಹೊರಡಿಸುತ್ತಾರೆ. ಎರಡರಲ್ಲಿ ಒಂದು ಬೇಡ ಎಂದರೂ ಡ್ರೋನ್ ಪೆಟ್ಟಿಗೆಯಲ್ಲೇ ಇರಬೇಕು.

ನೆಲದ ಕಾನೂನಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಮ್ಮ ಹವ್ಯಾಸಿಗಳು ಮರೆಯುವುದು ಅದನ್ನೇ. ಆ ಜನವರಿಯ ಆದೇಶದಂತೆ ದಿನವೂ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಕರ್ಫ್ಯೂ ಇತ್ತು. ವಾರಾಂತ್ಯದಲ್ಲಿ ಶುಕ್ರವಾರ ರಾತ್ರಿ ಹತ್ತರಿಂದ ಸೋಮವಾರ ಬೆಳಗಿನ ಐದರವರೆಗೆ. ಆ ಹೊತ್ತಿನಲ್ಲಿ ಹಾಲು, ತರಕಾರಿ, ಔಷಧಿ, ಆಸ್ಪತ್ರೆಯಂಥ ಅಗತ್ಯಗಳಿಗೆ ಮಾತ್ರ ಹೊರಗೆ ಹೋಗಬಹುದಿತ್ತು. ಕೆರೆ ಏರಿಯ ಮೇಲೆ ನಿಂತು ಸೂರ್ಯೋದಯ ಚಿತ್ರೀಕರಿಸುವುದು ಎಷ್ಟೇ ಚೆಂದದ ಕೆಲಸವಾದರೂ ಆ ಪಟ್ಟಿಯಲ್ಲಿರಲಿಲ್ಲ. ಆದೇಶ ಮೀರಿದರೆ ವಿಪತ್ತು ನಿರ್ವಹಣಾ ಕಾಯ್ದೆ, ಆಗಿನ ಭಾರತೀಯ ದಂಡ ಸಂಹಿತೆಯ 188ನೇ ಕಲಂ ಎರಡೂ ಅನ್ವಯವಾಗುತ್ತಿದ್ದವು. ಆದ್ದರಿಂದ ಇಂಥ ಕರ್ಫ್ಯೂ ಇರುವ ಶನಿವಾರ, ಭಾನುವಾರ ಡ್ರೋನ್ ಹಾರಿಸಬೇಕೆಂದರೆ ನೀವು ವಾಸವಿರುವ ಮನೆಯ ಅಂಗಳದಲ್ಲೋ ಮನೆಗೆ ಅಂಟಿಕೊಂಡ ತೋಟದಲ್ಲೋ ಹಾರಿಸಿ, ಅದೂ ನಿಮ್ಮ ಬೇಲಿಯೊಳಗೆ. ಮನೆ ಪೇಟೆಯಲ್ಲಿದ್ದು ತೋಟ ಹಳ್ಳಿಯಲ್ಲಿದ್ದರೆ ಸೋಮವಾರದವರೆಗೆ ಕಾಯಿರಿ. 2021ರ ಮೇ ತಿಂಗಳ ಲಾಕ್‌ಡೌನ್‌ನಲ್ಲಿ ಕೃಷಿ ಕೆಲಸಕ್ಕೆ ವಿನಾಯಿತಿ ಇತ್ತು. ಆ ವಿನಾಯಿತಿಯ ಹೆಸರು ಹೇಳಿಕೊಂಡು ಬೈಕಿನ ಹಿಂದೆ ಡ್ರೋನ್ ಚೀಲ ಕಟ್ಟಿಕೊಂಡು ಹೋದವರನ್ನು ನಾನು ಬಲ್ಲೆ. ರೈತರಿಗೆಂದು ಕೊಟ್ಟದ್ದನ್ನು ಹೀಗೆ ಬಳಸಿಕೊಂಡರೆ ನಾಳೆ ನಿಜವಾಗಿ ಕಾಯಿ ಇಳಿಸಲು ಹೋಗುವವನನ್ನೂ ಪೊಲೀಸರು ನಂಬುವುದಿಲ್ಲ.

ಇಂಥ ಕಾಲದಲ್ಲಿ ಆದೇಶಗಳು ವಾರಕ್ಕೊಮ್ಮೆ ಬದಲಾಗುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಹಳೆಯ ಆದೇಶದ ಚಿತ್ರ ನಂಬಬೇಡಿ. ಆದೇಶದ ತಲೆಯ ಮೇಲಿನ ದಿನಾಂಕ ನೋಡಿ, ಜಿಲ್ಲಾಡಳಿತದ ಪ್ರಕಟಣೆಯನ್ನು ಅದರ ಪಕ್ಕದಲ್ಲಿಟ್ಟು ಓದಿ.

ಇನ್ನು ಆಕಾಶದ ಕಾನೂನು. 2021ರ ಆಗಸ್ಟ್ 25ರಂದು ಹೊಸ ಡ್ರೋನ್ ನಿಯಮಗಳು ಜಾರಿಗೆ ಬಂದವು. ಅದಕ್ಕೂ ಮೊದಲಿದ್ದ ನಿಯಮಗಳಲ್ಲಿ ನಮೂನೆಗಳೇ 25 ಇದ್ದವು, ಈಗ 5ಕ್ಕೆ ಇಳಿದಿವೆ. ಹವ್ಯಾಸಿಗಳಿಗೆ ಇದರಿಂದ ನಿಜಕ್ಕೂ ಉಸಿರಾಡುವಂತಾಗಿದೆ. ನಿಮ್ಮ ಡ್ರೋನ್ ತೂಕ 250 ಗ್ರಾಂ ಒಳಗಿದ್ದರೆ ಅದು ನ್ಯಾನೊ. ಅದಕ್ಕಿಂತ ಹೆಚ್ಚಿದ್ದು 2 ಕಿಲೋ ಒಳಗಿದ್ದರೆ ಮೈಕ್ರೊ. ನ್ಯಾನೊ ಹಾರಿಸಲು ಪೈಲಟ್ ಲೈಸೆನ್ಸ್ (2022ರ ಫೆಬ್ರುವರಿಯಿಂದ ಅದರ ಹೆಸರು ಪೈಲಟ್ ಪ್ರಮಾಣಪತ್ರ) ಬೇಡ. ಮೈಕ್ರೊವನ್ನು ದುಡ್ಡಿಗಾಗಿ ಅಲ್ಲದೆ ಹಾರಿಸುವವರಿಗೂ ಬೇಡ. ತೂಗುವಾಗ ಬ್ಯಾಟರಿ, ಮೆಮೊರಿ ಕಾರ್ಡ್, ರೆಕ್ಕೆಯ ಕವಚ ಎಲ್ಲವನ್ನೂ ಸೇರಿಸಿ ತೂಗಿ. ಪೆಟ್ಟಿಗೆಯ ಮೇಲೆ 249 ಗ್ರಾಂ ಎಂದು ಬರೆದ ಡ್ರೋನಿಗೆ ಕವಚ ಹಾಕಿದರೆ ಅದು ನ್ಯಾನೊ ಆಗಿ ಉಳಿಯುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಈ ಕೆಲಸಕ್ಕೆ ಸಾಕು.

ಲೈಸೆನ್ಸ್ ಬೇಡ ಎಂದರೆ ನೋಂದಣಿಯೂ ಬೇಡವೆಂದು ಬಹಳ ಜನ ತಿಳಿದಿದ್ದಾರೆ. ಅವೆರಡೂ ಬೇರೆ ಬೇರೆ. ನಿಗದಿತ ಸರ್ಕಾರಿ ಜಾಲತಾಣದಲ್ಲಿ (2022ರಲ್ಲಿ ಅದು ಡಿಜಿಟಲ್ ಸ್ಕೈ) ಡಿ-2 ನಮೂನೆ ತುಂಬಿ, 100 ರೂಪಾಯಿ ಶುಲ್ಕ ಕಟ್ಟಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕು. ಕೊಂಡಾಗಿನ ಜಿಎಸ್‌ಟಿ ಬಿಲ್ ಜೋಪಾನವಾಗಿರಲಿ. ನಿಯಮ ಮುರಿದರೆ ದಂಡ ಒಂದು ಲಕ್ಷ ರೂಪಾಯಿಯವರೆಗೆ ಹೋಗಬಹುದು.

2021ರ ಸೆಪ್ಟೆಂಬರ್ 24ರಂದು ಬಿಡುಗಡೆಯಾದ ವಾಯುಪ್ರದೇಶ ನಕ್ಷೆ ಡಿಜಿಟಲ್ ಸ್ಕೈ ತಾಣದಲ್ಲಿದೆ. ಹಸಿರಿನಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ ಆ ಮಿತಿ 200 ಅಡಿಗೆ ಇಳಿಯುತ್ತದೆ. ಹಳದಿಗೆ ವಾಯು ಸಂಚಾರ ನಿಯಂತ್ರಕರ ಅನುಮತಿ ಬೇಕು, ಕೆಂಪಿಗೆ ಕೇಂದ್ರ ಸರ್ಕಾರದ್ದು. ತುಮಕೂರು ಜಿಲ್ಲೆಯ ನಮಗೆ ಇದು ಸಲೀಸು. ಬೆಂಗಳೂರಿನ ಗೆಳೆಯರ ಪರಿಸ್ಥಿತಿ ಹಾಗಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ, ಎಚ್‌ಎಎಲ್, ಯಲಹಂಕದ ವಾಯುನೆಲೆ, ಜಕ್ಕೂರು ಇಷ್ಟನ್ನೂ ನಕ್ಷೆಯಲ್ಲಿ ಒಮ್ಮೆ ನೋಡಿ. ಕರ್ಫ್ಯೂವಿನಲ್ಲಿ ರಸ್ತೆ ಖಾಲಿ ಇದೆಯೆಂದು ಅಪಾರ್ಟ್‌ಮೆಂಟಿನ ತಾರಸಿಯಿಂದ ಹಾರಿಸುವವರು ಮೊದಲು ಈ ನಕ್ಷೆಯ ಮುಂದೆ ಕೂರಬೇಕು. ರಸ್ತೆ ಖಾಲಿಯಾದ ಮಾತ್ರಕ್ಕೆ ಆಕಾಶ ಖಾಲಿಯಾಗುವುದಿಲ್ಲ. ಸರಕು ವಿಮಾನ, ರೋಗಿಗಳನ್ನು ಸಾಗಿಸುವ ಹೆಲಿಕಾಪ್ಟರ್ ಯಾವ ಹೊತ್ತಿನಲ್ಲಾದರೂ ಬರಬಹುದು. ಎಂಜಿನ್ ಸದ್ದು ಕಿವಿಗೆ ಬಿದ್ದ ಕೂಡಲೇ ಕೆಳಗಿಳಿಸಿ. ದಾರಿಯ ಹಕ್ಕು ಯಾವಾಗಲೂ ಮನುಷ್ಯರಿರುವ ವಿಮಾನದ್ದು.

ನಕ್ಷೆಯನ್ನು ಹಾರಿಸುವ ದಿನವೇ ನೋಡಬೇಕು ಎನ್ನುವುದಕ್ಕೂ ಕಾರಣವಿದೆ. ಪೊಲೀಸ್ ವರಿಷ್ಠಾಧಿಕಾರಿ ಅಥವಾ ಅವರಿಗಿಂತ ಮೇಲಿನ ದರ್ಜೆಯವರು ತುರ್ತಿದ್ದಾಗ ಒಂದು ಪ್ರದೇಶವನ್ನು 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಬಹುದು. ನಿನ್ನೆಯ ಹಸಿರು ಇಂದು ಕೆಂಪಾಗಿರಬಹುದು.

ಹಸಿರು ವಲಯದಲ್ಲಿ ಪೊಲೀಸರಿಗೆ ಮೊದಲೇ ತಿಳಿಸಬೇಕೆಂದು ಹೊಸ ನಿಯಮ ಹೇಳುವುದಿಲ್ಲ. ಆದರೂ ನಿರ್ಬಂಧವಿರುವ ದಿನಗಳಲ್ಲಿ ತಿಳಿಸಿ. 2020ರ ಲಾಕ್‌ಡೌನ್‌ನಲ್ಲಿ ಜನ ಗುಂಪುಗೂಡುವುದನ್ನು ಪತ್ತೆ ಮಾಡಲು ಪೊಲೀಸರೇ ಡ್ರೋನ್ ಹಾರಿಸಿದರು. ಅದೇ ವರ್ಷ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ, ಹಿತ್ತಲುಗಳನ್ನು ಅಳೆಯಲು ಡ್ರೋನ್ ಬಂತು. ಆಸ್ತಿಯ ಗಡಿಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಮೇಲಿನಿಂದ ಚಿತ್ರ ತೆಗೆದರು. ಹೀಗಾಗಿ ಹಳ್ಳಿಯವರಿಗೆ ಡ್ರೋನ್ ಅಂದರೆ ಒಂದೋ ಪೊಲೀಸು, ಇಲ್ಲವೇ ಸರ್ವೆ. ನಾನು ಹಾರಿಸುವಾಗ ಪಕ್ಕದ ತೋಟದ ಅಜ್ಜಿ ಸೌತೆ ಬಳ್ಳಿ ಬಿಟ್ಟು ಎದ್ದು ಬಂದು, "ಮೇಷ್ಟ್ರೇ, ಗೆರೆ ಮತ್ತೆ ಎಳೆಯುತ್ತಾರಾ? ನಮ್ಮ ಹಿತ್ತಲು ಕಡಿಮೆಯಾಗುತ್ತದಾ?" ಎಂದು ಕೇಳಿದ್ದರು. ನಮಗೆ ಆಟದ ವಸ್ತುವಾದದ್ದು ಅವರ ಎದೆಯಲ್ಲಿ ಹಿತ್ತಲಿನ ಭಯ ಹುಟ್ಟಿಸಿತ್ತು. ರಿಮೋಟಿನ ಪರದೆ ತೋರಿಸಿ, ಅವರ ಮನೆಯ ಮೇಲೆ ಹೋಗುವುದಿಲ್ಲವೆಂದು ಹೇಳಿದ ಮೇಲೆ ಅಜ್ಜಿ ಸಮಾಧಾನಪಟ್ಟರು. ಅದಾದ ಮೇಲೆ ಹಾರಿಸುವ ಮುನ್ನ ಸುತ್ತಲಿನ ಮನೆಗಳಿಗೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ, ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿಯೇ ಹೊರಡುತ್ತೇನೆ. ಆಶಾ ಕಾರ್ಯಕರ್ತೆಗೆ ಏಕೆಂದರೆ ಯಾವ ಮನೆಯಲ್ಲಿ ಸೋಂಕಿತರಿದ್ದಾರೆ, ಯಾರು ಹಗಲೆಲ್ಲ ಅಂಗಳದಲ್ಲಿ ಮಂಚ ಹಾಕಿಕೊಂಡು ಒಂಟಿಯಾಗಿದ್ದಾರೆ ಎಂಬುದು ಅವರಿಗೆ ಗೊತ್ತು. ಹೆಸರು ಕೇಳಬೇಡಿ. "ಯಾವ ದಿಕ್ಕಿಗೆ ಹೋಗಬಾರದು, ಅಕ್ಕ?" ಎಂದಷ್ಟೇ ಕೇಳಿ.

ಠಾಣೆಗೆ ಕೊಡುವ ಪತ್ರ ಚಿಕ್ಕದಿರಲಿ. ನಾನು ಬರೆಯುವುದು ಹೀಗೆ:

"ಮಾನ್ಯರೇ, ನಾನು ಹವ್ಯಾಸಕ್ಕಾಗಿ ಒಂದು ಡ್ರೋನ್ ಇಟ್ಟುಕೊಂಡಿದ್ದೇನೆ. ಅದರ ತೂಕ, ಮಾದರಿ ಮತ್ತು ನೋಂದಣಿ ಸಂಖ್ಯೆ ಕೆಳಗಿವೆ. ಇದೇ ಬುಧವಾರ ಬೆಳಗ್ಗೆ 8ರಿಂದ 9ರವರೆಗೆ ನಮ್ಮ ಸ್ವಂತ ತೆಂಗಿನ ತೋಟದ ಮೇಲೆ ಮಾತ್ರ, 200 ಅಡಿ ಎತ್ತರ ಮೀರದಂತೆ ಹಾರಿಸುತ್ತೇನೆ. ಮನೆ, ರಸ್ತೆ, ಜನರನ್ನು ಚಿತ್ರೀಕರಿಸುವುದಿಲ್ಲ. ಬೇಡವೆಂದು ತಾವು ತಿಳಿಸಿದರೆ ನಿಲ್ಲಿಸುತ್ತೇನೆ. ನನ್ನ ಮೊಬೈಲ್ ಸಂಖ್ಯೆ ಕೆಳಗಿದೆ."

ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕಾನೂನು 400 ಅಡಿ ಕೊಟ್ಟಿರುವಾಗ 200 ಏಕೆಂದರೆ, ತೋಟ ನೋಡಲು ಅಷ್ಟು ಸಾಕು. ಅದಕ್ಕಿಂತ ಮೇಲೆ ಹೋದರೆ ಊರಿನ ಅಂಗಳಗಳೆಲ್ಲ ಕ್ಯಾಮೆರಾದೊಳಗೆ ಬರುತ್ತವೆ.

ಏನನ್ನು ಚಿತ್ರೀಕರಿಸಬಾರದು ಎಂಬುದರಲ್ಲಿ ನನಗೆ ರಾಜಿಯಿಲ್ಲ. ಸೀಲ್‌ಡೌನ್ ಆದ ಬೀದಿ, ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿದ ಮನೆ, ಲಸಿಕೆಯ ಸಾಲು, ಆಸ್ಪತ್ರೆಯ ಅಂಗಳ ಇವು ಯಾವುವೂ ನಮ್ಮ ವಿಡಿಯೊಗಳಿಗಲ್ಲ. 2021ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೊರಗಿನ ಗಿಡ್ಡೇನಹಳ್ಳಿ, ತಾವರೆಕೆರೆಗಳಲ್ಲಿ ಬಯಲಲ್ಲೇ ಚಿತೆಗಳು ಉರಿಯುತ್ತಿದ್ದವು. ಅದನ್ನು ಜಗತ್ತಿಗೆ ತೋರಿಸುವುದು ಪತ್ರಕರ್ತರ ಕೆಲಸ. ಅವರಿಗೆ ಸಂಪಾದಕರಿದ್ದಾರೆ, ಹೊಣೆಯಿದೆ. ನಾಲ್ಕೇ ಜನ ನಿಂತು ಅಪ್ಪನಿಗೆ ಕೊಳ್ಳಿ ಇಡುತ್ತಿರುವಾಗ ತಲೆಯ ಮೇಲೆ ನಮ್ಮ ಡ್ರೋನ್ ಗುಂಯ್‌ಗುಡುವುದನ್ನು ಯಾವ ಕಾನೂನು ಬಿಟ್ಟರೂ ನಾವು ಬಿಡಬಾರದು.

ಮದುವೆಯ ವಿಷಯ ಚುಟುಕಾಗಿ ಹೇಳುತ್ತೇನೆ. 2022ರ ಆ ಜನವರಿಯಲ್ಲಿ ಬಯಲಿನಲ್ಲಿ 200, ಒಳಾಂಗಣದಲ್ಲಿ 100 ಜನರಿಗೆ ಮಿತಿಯಿತ್ತು. ದುಡ್ಡು ಪಡೆದು ಚಿತ್ರೀಕರಿಸಿದರೆ ಅದು ಹವ್ಯಾಸವಲ್ಲ, ವ್ಯವಹಾರ. ಆಗ ಮೈಕ್ರೊ ಡ್ರೋನಿಗೂ ಪೈಲಟ್ ಲೈಸೆನ್ಸ್ ಬೇಕು. ಪುಕ್ಕಟೆಯಾಗಿ ಮಾಡುವುದಾದರೂ ಜನರ ತಲೆಯ ಮೇಲೆ ಬೇಡ.

ಹಕ್ಕಿ, ಪ್ರಾಣಿಗಳ ವಿಷಯದಲ್ಲೂ ನೆಲದ ಮೌನ ಮೋಸ ಮಾಡುತ್ತದೆ. ಪ್ರವಾಸಿಗರಿಲ್ಲದ ಕರ್ಫ್ಯೂ ದಿನಗಳಲ್ಲಿ ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಮೇಲಿನಿಂದ ನೋಡುವ ಆಸೆ ಯಾರಿಗಿಲ್ಲ? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲೂ ಜನವರಿ ಗೂಡಿನ ಕಾಲ. ಡ್ರೋನ್ ಸದ್ದಿಗೆ ತಾಯಿ ಹಕ್ಕಿ ಗೂಡು ಬಿಟ್ಟು ಎದ್ದರೆ ಮೊಟ್ಟೆ ಬಿಸಿಲಿಗೂ ಕಾಗೆಗೂ ಸಿಗುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಬಯಲಿಗೂ ಹೋಗಬೇಡಿ. ಬೆದರಿದ ಹಿಂಡು ಓಡುವ ವೇಗಕ್ಕೆ ಬೇಲಿ ಕಾಣಿಸುವುದಿಲ್ಲ.

ಇನ್ನು ಡ್ರೋನಿನ ಆರೈಕೆ. ವಾರಗಟ್ಟಲೆ ಪೆಟ್ಟಿಗೆಯಲ್ಲಿದ್ದ ಡ್ರೋನ್ ಅನ್ನು ನೇರವಾಗಿ ಆಕಾಶಕ್ಕೆ ಬಿಡಬೇಡಿ. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಇಡಬಾರದು, ಪೂರ್ತಿ ಖಾಲಿ ಮಾಡಿಯೂ ಇಡಬಾರದು. ಒಂದೊಂದು ಸೆಲ್‌ನಲ್ಲೂ ಸುಮಾರು 3.8 ವೋಲ್ಟ್ ಇರುವಂತೆ, ಅರ್ಧದಷ್ಟು ತುಂಬಿ, ತಂಪಾದ ಜಾಗದಲ್ಲಿ ಲೋಹದ ಡಬ್ಬಿಯಲ್ಲಿಡಿ. ಕೊಬ್ಬರಿ ಒಣಗಿಸುವ ಅಟ್ಟದಲ್ಲಂತೂ ಇಡಲೇಬೇಡಿ. ಎಣ್ಣೆ ಸುರಿಯುವ ಕಾಯಿಗಳ ಪಕ್ಕದಲ್ಲಿ ಬ್ಯಾಟರಿ ಹೊತ್ತಿಕೊಂಡರೆ ಮನೆಯೇ ಹೋಗುತ್ತದೆ. ಮೇಜಿನ ಮೇಲಿಟ್ಟು ಬೆರಳಿಂದ ತಿರುಗಿಸಿ ನೋಡಿ: ಬ್ಯಾಟರಿ ಬುಗುರಿಯಂತೆ ಸುತ್ತಿದರೆ ಹೊಟ್ಟೆ ಉಬ್ಬಿದೆ ಎಂದರ್ಥ. ಅದನ್ನು ಮತ್ತೆ ಚಾರ್ಜ್ ಮಾಡಬೇಡಿ. ರೆಕ್ಕೆಗಳನ್ನು ಬೆಳಕಿಗೆ ಹಿಡಿದು ಬುಡದಲ್ಲಿ ಕೂದಲೆಳೆಯ ಬಿರುಕು ಇದೆಯೇ ನೋಡಿ, ಇದ್ದರೆ ಬದಲಿಸಿ.

ಸ್ಯಾನಿಟೈಸರ್ ಹಾಕಿದ ಒದ್ದೆ ಕೈಯಲ್ಲಿ ಬ್ಯಾಟರಿ ಮುಟ್ಟಬೇಡಿ, ಅದರಲ್ಲಿರುವ ಆಲ್ಕೋಹಾಲ್ ಬೆಂಕಿಗೆ ಬೇಗ ಸಿಕ್ಕುತ್ತದೆ. ಕ್ಯಾಮೆರಾದ ಗಾಜಿಗೂ ಅದನ್ನು ಸಿಂಪಡಿಸಬೇಡಿ. ರಿಮೋಟ್ ಒರೆಸಲು ಸಾಬೂನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಡ್ರೋನ್ ಮೇಲೇರಿದ ಕೂಡಲೇ ಊರ ಮಕ್ಕಳು ಓಡಿಬಂದು ಪರದೆಗೆ ಮುಖ ಸೇರಿಸುತ್ತಾರೆ. ಗದರಿಸಬೇಡಿ. ಇಳಿಸಿದ ಮೇಲೆ ಫೋನ್ ದೂರ ಹಿಡಿದು ತೋರಿಸುತ್ತೇನೆಂದು ಹೇಳಿ, ಮಾತು ಉಳಿಸಿಕೊಳ್ಳಿ. ಡ್ರೋನ್ ಮೇಲೆ ಕಣ್ಣಿಡಲು ಜೊತೆಗೊಬ್ಬರು ಬೇಕಾದರೆ ನಿಮ್ಮ ಮನೆಯವರೇ ಇರಲಿ.

ಜನವರಿಯಲ್ಲಿ ಮುಂಜಾನೆ ಮಂಜು ಸೆನ್ಸರುಗಳ ಮೇಲೆ ಕೂರುತ್ತದೆ. ಎಲೆಯ ಮೇಲಿನ ಇಬ್ಬನಿ ಆರುವವರೆಗೆ ಕಾಯಿರಿ. ಸಂಪರ್ಕ ಕಡಿದರೆ ತಾನಾಗಿ ಮರಳುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ತೆಂಗಿಗಿಂತ, ವಿದ್ಯುತ್ ತಂತಿಗಿಂತ ಹತ್ತಾರು ಅಡಿ ಹೆಚ್ಚಿಗೆ ಇಡಿ. ಇಲ್ಲವಾದರೆ ಮನೆಗೆ ಮರಳುವ ಡ್ರೋನ್ ಸೋಗೆಯೊಳಗೆ ಸಿಕ್ಕಿಕೊಳ್ಳುತ್ತದೆ; ಇಳಿಸಿಕೊಡಲು ಮರ ಹತ್ತುವವರನ್ನು ಕರ್ಫ್ಯೂ ದಿನ ಎಲ್ಲಿಂದ ಕರೆಯುತ್ತೀರಿ? ಹದ್ದುಗಳು ಸುತ್ತುಹಾಕತೊಡಗಿದರೆ ಹಟ ಮಾಡದೆ ಇಳಿಸಿ. ಬರಿಗಣ್ಣಿಗೆ ಕಾಣುವಷ್ಟು ದೂರಕ್ಕಷ್ಟೇ ಕಳುಹಿಸಿ, ಕತ್ತಲಾದ ಮೇಲೆ ಬೇಡ. ಯಾರಿಗಾದರೂ ಪೆಟ್ಟಾದರೆ ಮೊದಲು ಅವರನ್ನು ನೋಡಿಕೊಳ್ಳಿ, ಬಳಿಕ 48 ಗಂಟೆಗಳೊಳಗೆ ಡಿಜಿಟಲ್ ಸ್ಕೈನಲ್ಲಿ ಅಪಘಾತದ ವರದಿ ಸಲ್ಲಿಸಿ.

ಹಾರಿಸುತ್ತಿರುವಾಗ ಪೊಲೀಸರು ಬಂದರೆ ಮೊದಲು ಡ್ರೋನ್ ಇಳಿಸಿ, ರೆಕ್ಕೆ ನಿಂತ ಮೇಲೆ ಮಾತಾಡಿ. ನೋಂದಣಿ ಪತ್ರ, ಬಿಲ್, ಮೊಹರು ಬಿದ್ದ ಪ್ರತಿ, ಅಂದಿನ ನಕ್ಷೆಯ ಮುದ್ರಿತ ಹಾಳೆ ಇವನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿರಿ. ಎಲ್ಲ ಫೋನಿನಲ್ಲಿದೆ ಎಂದರೆ ಆ ಫೋನೇ ರಿಮೋಟಿಗೆ ಸಿಕ್ಕಿಸಿರುತ್ತದೆ. ತೆಗೆದ ವಿಡಿಯೊ ಕೇಳಿದರೆ ತೋರಿಸಿ. ನಿಯಮ ನಿಮ್ಮ ಪರವಾಗಿದ್ದರೂ ನಿಲ್ಲಿಸಿ ಎಂದರೆ ಆ ದಿನಕ್ಕೆ ನಿಲ್ಲಿಸಿ. ಚೆಕ್‌ಪೋಸ್ಟ್‌ನಲ್ಲಿ ನಿಂತು ದಣಿದವರ ಜೊತೆ ರಸ್ತೆಯಲ್ಲಿ ವಾದ ಬೇಡ. ಮರುದಿನ ಠಾಣೆಗೆ ಹೋಗಿ ನಿಯಮದ ಪ್ರತಿ ಮುಂದಿಟ್ಟು ಠಾಣಾಧಿಕಾರಿಯವರ ಬಳಿ ಮಾತಾಡಿ.