ಮಳೆ, ಬಿಸಿಲು, ಸಿಗ್ನಲ್ ದೋಷ: ರೈಲು ಸಂಚಾರ ಕೆಟ್ಟಾಗ ಬಳ್ಳಾರಿ, ಕೊಪ್ಪಳ, ರಾಯಚೂರಿನ ಪ್ರಯಾಣಿಕರು ಮಾಡಬೇಕಾದದ್ದು

ರೈಲು ತಡವಾಗಿದೆ ಅಥವಾ ಮುಂದೆಲ್ಲೋ ಹಳಿಯ ಮೇಲೆ ನೀರು ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ ನಮ್ಮ ಭಾಗದ ಅನೇಕ ಪ್ರಯಾಣಿಕರು ಮೊಬೈಲ್ ತೆರೆದು ಟಿಕೆಟ್ಟನ್ನು ತಾವೇ ರದ್ದು ಮಾಡಿಬಿಡುತ್ತಾರೆ. ಹೀಗೆ ಮಾಡಿದರೆ ಹೆಚ್ಚಿನ ಸಂದರ್ಭಗಳಲ್ಲಿ ಹಣ ಕಳೆದುಕೊಳ್ಳುವವರು ಅವರೇ. ಗಾಡಿಯನ್ನು ರೈಲ್ವೆ ಇಲಾಖೆಯೇ ರದ್ದುಪಡಿಸಿದರೆ ಪೂರ್ತಿ ಹಣ ಮರಳುತ್ತದೆ. ಪ್ರಯಾಣಿಕರು ತಾವಾಗಿ ರದ್ದುಪಡಿಸಿದರೆ ಮಾತ್ರ ಶುಲ್ಕ ಕಡಿತವಾಗುತ್ತದೆ ಮತ್ತು ಹೊರಡುವ ವೇಳೆ ಹತ್ತಿರವಾದಷ್ಟೂ ಆ ಕಡಿತ ಹೆಚ್ಚುತ್ತದೆ. ಆದ್ದರಿಂದ ಮೊದಲು ತಿಳಿದುಕೊಳ್ಳಬೇಕಾದದ್ದು ಗಾಡಿ ತಡವಾಗಿದೆಯೇ, ರದ್ದಾಗಿದೆಯೇ, ಬೇರೆ ಮಾರ್ಗದಲ್ಲಿ ಹೋಗುತ್ತಿದೆಯೇ ಅಥವಾ ನಡುವಿನ ನಿಲ್ದಾಣದಲ್ಲೇ ಪ್ರಯಾಣ ಮುಗಿಸುತ್ತಿದೆಯೇ ಎಂಬುದನ್ನು. ಈ ನಾಲ್ಕಕ್ಕೂ ನಿಯಮಗಳು ಬೇರೆ ಬೇರೆಯಾಗಿವೆ. ಯಾವುದು ಎಂದು ಖಚಿತವಾಗುವವರೆಗೆ ಟಿಕೆಟ್ಟನ್ನು ಮುಟ್ಟದಿರುವುದೇ ಕ್ಷೇಮ.

ಅಡಚಣೆ ಎಲ್ಲಿದೆ ಎಂಬುದನ್ನು ಗುರುತಿಸುವುದು

ನಮ್ಮ ಮೂರು ಜಿಲ್ಲೆಗಳಿಗೆ ಮುಖ್ಯವಾದ ರೈಲು ಮಾರ್ಗಗಳು ಎರಡು. ಒಂದು, ಗುಂತಕಲ್‌ನಿಂದ ಬಳ್ಳಾರಿ, ತೋರಣಗಲ್ಲು, ಹೊಸಪೇಟೆ, ಕೊಪ್ಪಳ, ಗದಗದ ಮೂಲಕ ಹುಬ್ಬಳ್ಳಿಗೆ ಹೋಗುವ ಮಾರ್ಗ; ಇನ್ನೊಂದು, ಗುಂತಕಲ್‌ನಿಂದ ಮಂತ್ರಾಲಯ ರೋಡ್, ರಾಯಚೂರು, ಯಾದಗಿರಿ ದಾಟಿ ವಾಡಿಗೆ ಸೇರುವ, ಮುಂಬೈ ಮತ್ತು ಚೆನ್ನೈಗಳನ್ನು ಬೆಸೆಯುವ ಮಾರ್ಗ. ಬಳ್ಳಾರಿ ಮತ್ತು ಕೊಪ್ಪಳ ನೈರುತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದಲ್ಲಿವೆ. ರಾಯಚೂರು ನೈರುತ್ಯ ರೈಲ್ವೆಗೆ ಸೇರಿಲ್ಲ. ಹೀಗಾಗಿ ಹುಬ್ಬಳ್ಳಿಯಿಂದ ಹೊರಡುವ ಪ್ರಕಟಣೆಯಲ್ಲಿ ರಾಯಚೂರು ಮಾರ್ಗದ ಗಾಡಿಗಳ ವಿವರ ಇರಲೇಬೇಕೆಂದಿಲ್ಲ, ಮತ್ತು ಅಲ್ಲಿ ಹೆಸರು ಕಾಣದ ಮಾತ್ರಕ್ಕೆ ಗಾಡಿ ಸರಿಯಾಗಿ ಓಡುತ್ತಿದೆ ಎಂದು ರಾಯಚೂರಿನವರು ಭಾವಿಸಬಾರದು.

ಇಲ್ಲಿ ಆಕಾಶ ತಿಳಿಯಾಗಿದ್ದರೂ ಗಾಡಿ ಬಾರದಿರುವುದು ಜನರಿಗೆ ಹೆಚ್ಚು ಗೊಂದಲ ಉಂಟುಮಾಡುತ್ತದೆ. ಬಂಗಾಳದ ಕಡೆಯಿಂದ ಆಂಧ್ರ ಕರಾವಳಿ, ಬಳ್ಳಾರಿ, ಕೊಪ್ಪಳದ ಮೂಲಕ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ಸನ್ನು ಗಮನಿಸಿ. 2023ರ ಜುಲೈನಲ್ಲಿ ಕ್ಯಾಸಲ್‌ರಾಕ್ ಘಾಟಿಯಲ್ಲಿ ಗುಡ್ಡ ಕುಸಿದಂತಹ ಸಂದರ್ಭದಲ್ಲಿ ಅಂತಹ ಗಾಡಿಯ ಪಶ್ಚಿಮದ ತುದಿ ಮುಚ್ಚುತ್ತದೆ. ಅದೇ ವರ್ಷ ಡಿಸೆಂಬರ್ 5ರಂದು ಬಾಪಟ್ಲಾ ಬಳಿ ದಡ ಸೇರಿದ ಮಿಚಾಂಗ್ ಚಂಡಮಾರುತದಂಥದ್ದು ಬಂದರೆ ಪೂರ್ವದ ತುದಿ ನಿಲ್ಲುತ್ತದೆ. ಎರಡರಲ್ಲಿ ಯಾವುದೇ ಆದರೂ ಕೊಪ್ಪಳದ ಪ್ಲಾಟ್‌ಫಾರಂನಲ್ಲಿ ನಿಂತವರಿಗೆ ಕಾಣುವುದು ಖಾಲಿ ಹಳಿ ಮಾತ್ರ. ಇದಲ್ಲದೆ, ಅತ್ತಲಿಂದ ಬಂದ ಬೋಗಿಗಳ ರೇಕೇ ಸ್ವಚ್ಛಗೊಂಡು ಮರಳಿ ಹೊರಡುವುದರಿಂದ, ಬರುವ ಗಾಡಿ ಎಂಟು ಗಂಟೆ ತಡವಾಗಿದ್ದರೆ ಹೋಗುವ ಗಾಡಿ ವೇಳೆಗೆ ಸರಿಯಾಗಿ ಹೊರಡುವ ಸಂಭವ ಕಡಿಮೆ. ನಿಮ್ಮ ಗಾಡಿ ಹೊರಡುವ ಮುನ್ನ ಅದರ ಜೋಡಿ ಗಾಡಿ ಎಲ್ಲಿದೆ ಎಂದು ನೋಡಿಕೊಳ್ಳುವುದು ಅಧಿಕೃತ ಪ್ರಕಟಣೆಗಿಂತ ಎಷ್ಟೋ ಗಂಟೆ ಮೊದಲೇ ಸುಳಿವು ಕೊಡಬಲ್ಲದು.

ಸ್ಥಳೀಯ ಹವಾಮಾನದ ತೊಂದರೆಗಳಿಗೂ ಇಲ್ಲಿ ತಮ್ಮದೇ ಕಾಲಗಳಿವೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವ ರಾಯಚೂರು, ಬಳ್ಳಾರಿಗಳಲ್ಲಿ ಉಕ್ಕಿನ ಹಳಿ ಗಾಳಿಗಿಂತಲೂ ಬಹಳ ಹೆಚ್ಚು ಕಾಯುತ್ತದೆ. ತಡೆಯಿಲ್ಲದೆ ಬಿಟ್ಟರೆ ಒಂದು ಕಿಲೋಮೀಟರ್ ಉಕ್ಕು ಪ್ರತಿ 10 ಡಿಗ್ರಿಗೆ ಸುಮಾರು 11 ಸೆಂಟಿಮೀಟರ್ ಹಿಗ್ಗುತ್ತದೆ. ಬೆಸುಗೆ ಹಾಕಿದ ಉದ್ದನೆಯ ಹಳಿಗಳಲ್ಲಿ ಹಿಗ್ಗಲು ಜಾಗವಿಲ್ಲದೆ ಆ ಒತ್ತಡ ಹಳಿಯೊಳಗೇ ಉಳಿಯುತ್ತದೆ. ಒತ್ತಡ ಮಿತಿ ಮೀರಿದಲ್ಲಿ ಹಳಿ ಪಕ್ಕಕ್ಕೆ ಬಾಗಬಹುದಾದ್ದರಿಂದ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಟ್ರ್ಯಾಕ್‌ಮನ್‌ಗಳು ಹಳಿಯ ಉದ್ದಕ್ಕೂ ನಡೆದು ಕಾವಲು ಕಾಯುತ್ತಾರೆ ಮತ್ತು ಅಗತ್ಯವಿದ್ದ ಕಡೆ ಗಾಡಿಗಳ ವೇಗ ತಗ್ಗಿಸಲಾಗುತ್ತದೆ. ಮಧ್ಯಾಹ್ನದ ಗಾಡಿ ಕಾರಣವಿಲ್ಲದೆ ತೆವಳುತ್ತಿದೆ ಎಂದು ಬೈಯುವ ಮುನ್ನ ಆ ಬಿಸಿಲಿನಲ್ಲಿ ನಡೆಯುವವರನ್ನು ನೆನೆಯಬೇಕು. ಅದೇ ತಿಂಗಳುಗಳ ಸಂಜೆ ಏಳುವ ಬಿರುಗಾಳಿ, ಆಲಿಕಲ್ಲು ಮಳೆಗಳು ಮರದ ಕೊಂಬೆಯನ್ನೋ ಶೆಡ್ಡಿನ ತಗಡನ್ನೋ ವಿದ್ಯುತ್ ತಂತಿಯ ಮೇಲೆ ತಂದು ಹಾಕುತ್ತವೆ. ಎರಡೂ ಮಾರ್ಗಗಳು ಈಗ ವಿದ್ಯುದೀಕರಣಗೊಂಡಿರುವುದರಿಂದ ಒಂದು ಕಡೆ ತಂತಿ ಹರಿದರೂ ಹಿಂದು ಮುಂದಿನ ಗಾಡಿಗಳು ನಿಲ್ಲುತ್ತವೆ.

ಮಳೆಯ ವಿಷಯದಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳನ್ನು ಹೆಚ್ಚು ಜಾಗರೂಕತೆಯಿಂದ ನೋಡಬೇಕು. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದ ಮಳೆಯಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಗಳೂ ಮಂತ್ರಾಲಯವೂ ಮುಳುಗಿದ್ದನ್ನು ಈ ಭಾಗದವರು ಮರೆತಿಲ್ಲ. ರಾಯಚೂರಿನ ದಕ್ಷಿಣಕ್ಕೆ ತುಂಗಭದ್ರಾ, ಉತ್ತರಕ್ಕೆ ಕೃಷ್ಣಾ ನದಿಗಳ ಸೇತುವೆಗಳಿದ್ದು, ನೀರು ಅಪಾಯದ ಮಟ್ಟಕ್ಕೆ ಬಂದರೆ ಸೇತುವೆ ಪರಿಶೀಲನೆಯಾಗುವವರೆಗೆ ಗಾಡಿಗಳನ್ನು ತಡೆಯಲಾಗುತ್ತದೆ. ಎರೆಭೂಮಿ ನೀರು ಕುಡಿದು ಉಬ್ಬುವ ಗುಣದ್ದಾದ್ದರಿಂದ ನದಿಯಿಂದ ದೂರವಿರುವ ಏರಿಗಳ ಮೇಲೂ ಹಳಿಯ ಮಟ್ಟ ಏರುಪೇರಾಗಬಹುದು.

ಉಪಕರಣ ದೋಷವಾದಾಗ ಎಷ್ಟು ಹೊತ್ತು ಕಾಯಬೇಕು

ಸಿಗ್ನಲ್ ವ್ಯವಸ್ಥೆಯನ್ನು ಕೆಟ್ಟರೆ ಕೆಂಪು ದೀಪವೇ ಉಳಿಯುವಂತೆ ರೂಪಿಸಲಾಗಿದೆ. ಹಳಿಯ ಮೇಲೆ ಗಾಡಿ ಇದೆಯೇ ಇಲ್ಲವೇ ಎಂದು ತಿಳಿಸುವ ವಿದ್ಯುತ್ ಮಂಡಲದಲ್ಲಿ, ಜಲ್ಲಿಯಲ್ಲಿ ನೀರು ನಿಂತು ಒಂದು ಹಳಿಯಿಂದ ಇನ್ನೊಂದಕ್ಕೆ ವಿದ್ಯುತ್ ಸೋರಿದರೆ, ಖಾಲಿ ಹಳಿಯೂ ಗಾಡಿ ನಿಂತ ಹಳಿಯಂತೆ ತೋರುತ್ತದೆ. ಜೋರು ಮಳೆಯ ನಂತರ ಸಿಗ್ನಲ್ ಹಸಿರಾಗದಿರಲು ಇದೂ ಒಂದು ಕಾರಣ. ಆಗ ಸ್ಟೇಷನ್ ಮಾಸ್ಟರ್ ಲಿಖಿತ ಅನುಮತಿ ಕೊಟ್ಟು ಗಾಡಿಯನ್ನು ಮುಂದೆ ಕಳುಹಿಸಬೇಕಾಗುತ್ತದೆ ಮತ್ತು ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಪಾಯಿಂಟ್‌ಗಳ ಮೇಲೆ ಗಂಟೆಗೆ 15 ಕಿಲೋಮೀಟರ್ ವೇಗವನ್ನು ಮೀರುವಂತಿಲ್ಲ. ಸಿಗ್ನಲ್ ಅಥವಾ ಪಾಯಿಂಟ್ ದೋಷವೆಂದು ತಿಳಿದರೆ ಸ್ಟೇಷನ್ನಿನಲ್ಲೇ ಕಾಯುವುದು ಸಾಮಾನ್ಯವಾಗಿ ಸರಿ, ಏಕೆಂದರೆ ಗಾಡಿಗಳು ನಿಧಾನವಾಗಿಯಾದರೂ ಸಾಗುತ್ತವೆ. ಇಂಜಿನ್ ಕೆಟ್ಟಿದ್ದರೆ ಬದಲಿ ಇಂಜಿನ್ ಎಷ್ಟು ದೂರದಿಂದ ಬರಬೇಕು ಎಂದು ವಿಚಾರಿಸಿ. ತಂತಿ ಹರಿದಿದ್ದರೆ ದುರಸ್ತಿ ತಂಡ ಬಂದು ಸೇರುವುದಕ್ಕೇ ಸಮಯ ಬೇಕು. ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿದ್ದರಂತೂ ಅಂದಿನ ಪ್ರಯಾಣದ ಆಸೆ ಬಿಟ್ಟು ಬೇರೆ ವ್ಯವಸ್ಥೆ ನೋಡಿಕೊಳ್ಳುವುದೇ ಜಾಣತನ. ಕಾರಣ ಕೇಳದೆ ಬರೀ ಎಷ್ಟು ತಡ ಎಂದು ಕೇಳಿದರೆ ಈ ತೀರ್ಮಾನಕ್ಕೆ ಬರಲು ಆಗುವುದಿಲ್ಲ.

ಮಾಹಿತಿಗೆ 139 ಸಂಖ್ಯೆಗೆ ಕರೆ ಮಾಡಬಹುದು, ಅಥವಾ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ರದ್ದಾದ, ಮಾರ್ಗ ಬದಲಾದ, ವೇಳೆ ಬದಲಾದ ಗಾಡಿಗಳ ಪಟ್ಟಿ ನೋಡಬಹುದು. ಇಲ್ಲಿ ಒಂದು ಎಚ್ಚರ ಅಗತ್ಯ: ಆ ಪಟ್ಟಿಯಲ್ಲಿ ಕೊಡುವ ದಿನಾಂಕ ಗಾಡಿ ತನ್ನ ಮೂಲ ನಿಲ್ದಾಣದಿಂದ ಹೊರಟ ದಿನಾಂಕವಾಗಿರುತ್ತದೆ. ಬೆಂಗಳೂರಿನಿಂದ ಸಂಜೆ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರನ್ನು ಮುಟ್ಟುವುದು ಮಧ್ಯರಾತ್ರಿ ಕಳೆದ ಮೇಲೆ. ಅಂದರೆ 6ನೇ ತಾರೀಖಿನ ನಸುಕಿನಲ್ಲಿ ರಾಯಚೂರಿನಲ್ಲಿ ಹತ್ತುವವರು ನೋಡಬೇಕಾದದ್ದು 5ನೇ ತಾರೀಖಿನ ಗಾಡಿಯನ್ನು. ಇದನ್ನು ಗಮನಿಸದೆ ಬೇರೆ ದಿನದ ಗಾಡಿಯ ಸ್ಥಿತಿ ನೋಡಿ ಮನೆಯಲ್ಲೇ ಉಳಿದುಬಿಡುವ ಅಪಾಯವಿದೆ. ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಪಟ್ಟಿಗಳನ್ನು, ಅವುಗಳಲ್ಲಿ ದಿನಾಂಕ ಮತ್ತು ಗಾಡಿ ಸಂಖ್ಯೆ ಎರಡೂ ಸ್ಪಷ್ಟವಾಗಿಲ್ಲದಿದ್ದರೆ, ನಂಬಬೇಡಿ.

ಹಣ ಮರಳಿ ಪಡೆಯುವುದು

ಗಾಡಿ ಪೂರ್ತಿಯಾಗಿ ರದ್ದಾಗಿದ್ದು ನಿಮ್ಮದು ಇ-ಟಿಕೆಟ್ ಆಗಿದ್ದರೆ ಏನನ್ನೂ ಮಾಡಬೇಕಾಗಿಲ್ಲ. ಹಣ ತಾನಾಗಿ ಮರಳುತ್ತದೆ. ಕೌಂಟರ್ ಟಿಕೆಟ್ ಆಗಿದ್ದರೆ ಹೊರಡಬೇಕಾಗಿದ್ದ ದಿನದಿಂದ ಮೂರು ದಿನಗಳೊಳಗೆ ಮುಂಗಡ ಕಾಯ್ದಿರಿಸುವಿಕೆ ಕೌಂಟರಿನಲ್ಲಿ ಒಪ್ಪಿಸಿ ಪೂರ್ತಿ ಹಣ ಪಡೆಯಬೇಕು.

ಗಾಡಿ ನೀವು ಹತ್ತಬೇಕಾದ ನಿಲ್ದಾಣಕ್ಕೆ ಮೂರು ಗಂಟೆಗಿಂತ ಹೆಚ್ಚು ತಡವಾಗಿ ಬರುವುದಾಗಿದ್ದು, ನೀವು ಪ್ರಯಾಣ ಮಾಡದಿರಲು ನಿರ್ಧರಿಸಿದರೆ, ಆಗಲೂ ಪೂರ್ತಿ ಹಣಕ್ಕೆ ಅರ್ಹರು. ಆದರೆ ಇಲ್ಲಿ ವೇಳೆಯ ಕಟ್ಟುಪಾಡಿದೆ: ಗಾಡಿ ವಾಸ್ತವವಾಗಿ ಹೊರಡುವುದಕ್ಕೆ ಮೊದಲೇ ಕೌಂಟರ್ ಟಿಕೆಟ್ ಒಪ್ಪಿಸಬೇಕು, ಇ-ಟಿಕೆಟ್ ಆದರೆ ಟಿಡಿಆರ್ ಸಲ್ಲಿಸಬೇಕು. ಟಿಡಿಆರ್ ಎಂದರೆ ಟಿಕೆಟ್ ಕಾಯ್ದಿರಿಸಿದ ಖಾತೆಯಲ್ಲೇ ಕಾರಣ ಸೂಚಿಸಿ ಸಲ್ಲಿಸುವ ಮರುಪಾವತಿ ಕೋರಿಕೆ. ಅಲ್ಲಿ ‘ರದ್ದು ಮಾಡಿ’ ಎಂಬ ಗುಂಡಿ ಒತ್ತಬಾರದು; ಮೂರು ಗಂಟೆಗಿಂತ ಹೆಚ್ಚು ತಡ ಎಂಬ ಕಾರಣವನ್ನು ಆರಿಸಿ ಟಿಡಿಆರ್ ಸಲ್ಲಿಸಬೇಕು. ತತ್ಕಾಲ್ ಟಿಕೆಟ್‌ಗೆ ಹಣ ಮರಳುವುದೇ ಇಲ್ಲವೆಂದು ಬಹಳ ಜನ ತಿಳಿದಿದ್ದಾರೆ. ಸ್ವಂತ ಇಚ್ಛೆಯಿಂದ ರದ್ದು ಮಾಡಿದಾಗ ಮಾತ್ರ ಅದು ನಿಜ. ಗಾಡಿ ಮೂರು ಗಂಟೆ ಮೀರಿ ತಡವಾದರೆ ಅಥವಾ ಬೇರೆ ಮಾರ್ಗದಲ್ಲಿ ಹೋಗುವುದಾಗಿದ್ದು ನಿಮಗೆ ಅದು ಒಪ್ಪಿಗೆಯಿಲ್ಲದಿದ್ದರೆ ತತ್ಕಾಲ್ ಟಿಕೆಟ್‌ಗೂ ಹಣ ಸಿಗುತ್ತದೆ. ಹೆಚ್ಚಿನ ದರ ಕೊಟ್ಟು ತುರ್ತಿಗೆ ಟಿಕೆಟ್ ಕೊಂಡ ಕೂಲಿಕಾರರು, ವಿದ್ಯಾರ್ಥಿಗಳು ಈ ನಿಯಮ ತಿಳಿಯದೆ ಸುಮ್ಮನಾಗುವುದು ನೋಡಿದರೆ ಸಂಕಟವಾಗುತ್ತದೆ.

ಪ್ರವಾಹ ಅಥವಾ ಹಳಿ ಕೊಚ್ಚಿಹೋದ ಕಾರಣಕ್ಕೆ ಗಾಡಿ ನಡುದಾರಿಯಲ್ಲೇ ನಿಂತರೆ, ರೈಲ್ವೆಯು ಬದಲಿ ವ್ಯವಸ್ಥೆ ಮಾಡಿದೆಯೇ ಎಂದು ಮೊದಲು ಕೇಳಿ. ಸಮಂಜಸವಾದ ಸಮಯದಲ್ಲಿ ನಿಮ್ಮನ್ನು ಊರು ಮುಟ್ಟಿಸುವ ವ್ಯವಸ್ಥೆ ಆಗದಿದ್ದರೆ ಇಡೀ ಪ್ರಯಾಣದ ದರ ಮರಳಬೇಕು. ವ್ಯವಸ್ಥೆ ಆಗಿದ್ದೂ ನೀವೇ ಒಲ್ಲೆ ಎಂದರೆ ಸಾಗಿದ ದೂರದ ದರವನ್ನು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಗುಂತಕಲ್‌ನಲ್ಲಿ ಗಾಡಿ ಬದಲಿಸಿ ಮುಂದೆ ಹೋಗುವವರು ಎರಡೂ ಟಿಕೆಟ್‌ಗಳನ್ನು ಒಂದೇ ಹೆಸರಿನ ವಿವರಗಳೊಂದಿಗೆ ಸಂಪರ್ಕ ಪ್ರಯಾಣವಾಗಿ ಜೋಡಿಸಿಕೊಳ್ಳಬೇಕು. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ಸೌಲಭ್ಯದಲ್ಲಿ, ಮೊದಲ ಗಾಡಿಯ ತಡದಿಂದ ಎರಡನೆಯದು ತಪ್ಪಿದರೆ ಎರಡನೆಯ ಟಿಕೆಟ್ಟಿನ ಹಣ ಕೇಳಲು ಅವಕಾಶವಿದೆ. ಗುಂತಕಲ್ ಮುಟ್ಟಿದ ಕೂಡಲೇ ಕೇಳಬೇಕು.

ಗಾಡಿಯೊಳಗೆ ಸಿಕ್ಕಿಕೊಂಡಾಗ, ರಸ್ತೆ ಹಿಡಿಯಬೇಕಾದಾಗ

ನಿಲ್ದಾಣಗಳ ನಡುವೆ ಗಾಡಿ ನಿಂತರೆ ಪಕ್ಕದ ಹಳಿಗೆ ಇಳಿಯಬೇಡಿ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಇರುತ್ತದೆ. ಹರಿದು ನೆಲಕ್ಕೆ ಬಿದ್ದ ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ನೋಡಿ ಹೇಳಲು ಸಾಧ್ಯವಿಲ್ಲ. ಎ.ಸಿ. ಬೋಗಿಯಲ್ಲಿ ವಿದ್ಯುತ್ ನಿಂತು ಉಸಿರುಗಟ್ಟಿದಂತಾದರೆ ಟಿಟಿಇ ಅಥವಾ ಬೋಗಿಯ ಸಿಬ್ಬಂದಿಗೆ ಹೇಳಿ ಬಾಗಿಲು ತೆರೆಸಿ. ವೃದ್ಧರು, ಗರ್ಭಿಣಿಯರು, ಆಸ್ಪತ್ರೆಗೆ ಹೊರಟ ರೋಗಿಗಳು ಜೊತೆಯಲ್ಲಿದ್ದರೆ ತೊಂದರೆ ಉಲ್ಬಣಿಸುವವರೆಗೆ ಕಾಯದೆ 139ಕ್ಕೆ ಕರೆ ಮಾಡಿ, ಗಾಡಿ ಸಂಖ್ಯೆ, ಬೋಗಿ, ಆಸನಗಳನ್ನು ತಿಳಿಸಿದರೆ ಮುಂದಿನ ನಿಲ್ದಾಣದಲ್ಲಿ ವೈದ್ಯಕೀಯ ನೆರವು ಕೇಳಬಹುದು. ಬೇಸಿಗೆಯಲ್ಲಿ ನಿಮಗೆ ಬೇಕೆನಿಸುವುದಕ್ಕಿಂತ ಎರಡು ಪಟ್ಟು ನೀರು ಒಯ್ಯಿರಿ.

ಬಸ್ಸು ಹಿಡಿಯುವ ನಿರ್ಧಾರ ಮಾಡಿದರೆ ರಸ್ತೆಯೂ ತೆರೆದಿದೆಯೇ ಎಂದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆಯ ಬಸ್ ನಿಲ್ದಾಣದಲ್ಲಿ ವಿಚಾರಿಸಿಯೇ ಹೊರಡಿ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಹಳೆಯ ಸೇತುವೆ ಮುಳುಗಿ ಬಳ್ಳಾರಿ ಕಡೆಯಿಂದ ಗಂಗಾವತಿಗೆ ಹೋಗುವ ನೇರ ದಾರಿ ಮುಚ್ಚುತ್ತದೆ. ಹೊಸಪೇಟೆ, ಮುನಿರಾಬಾದ್ ಸುತ್ತಿ ಹೋಗಬೇಕು. ಜಲಾಶಯದ 33 ಗೇಟುಗಳ ಪೈಕಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದಾಗ ಕಂಡಂತೆ, ಮಳೆ ನಿಂತ ಮೇಲೂ ನದಿ ಏರಬಹುದು. ಬಳ್ಳಾರಿಯವರಿಗೆ ಗುಂತಕಲ್ ಸುಮಾರು 50 ಕಿಲೋಮೀಟರ್ ದೂರದಲ್ಲೇ ಇರುವುದರಿಂದ, ಹುಬ್ಬಳ್ಳಿ ಕಡೆಯ ಮಾರ್ಗ ಮಾತ್ರ ಕೆಟ್ಟಿದ್ದರೆ ಅಲ್ಲಿಗೆ ರಸ್ತೆಯಲ್ಲಿ ಹೋಗಿ ಮುಂಬೈ, ಚೆನ್ನೈ ಅಥವಾ ಬೆಂಗಳೂರು ಗಾಡಿ ಹಿಡಿಯುವುದು ಒಳ್ಳೆಯ ದಾರಿ; ಅಲ್ಲಿಂದ ಹೊಸ ಟಿಕೆಟ್ ಬೇಕಾಗುತ್ತದೆ ಎಂಬುದನ್ನು ನೆನಪಿಡಿ.

ಕೊನೆಗೆ, ಸೈಬರ್ ಸೆಂಟರಿನಲ್ಲೋ ಏಜೆಂಟರ ಬಳಿಯೋ ಟಿಕೆಟ್ ಮಾಡಿಸುವವರು ನಮ್ಮ ಊರುಗಳಲ್ಲಿ ಬಹಳ. ಹಣ ಮರಳುವುದು ಪಾವತಿ ಮಾಡಿದ ಖಾತೆಗೇ ಹೊರತು ಪ್ರಯಾಣಿಕರ ಕೈಗಲ್ಲ, ಮತ್ತು ರದ್ದತಿಯ ಸಂದೇಶ ಬರುವುದು ಟಿಕೆಟ್ ಮಾಡಿಸುವಾಗ ಕೊಟ್ಟ ಮೊಬೈಲ್ ಸಂಖ್ಯೆಗೆ. ಹೀಗಾಗಿ ಟಿಕೆಟ್ ಮಾಡಿಸುವಾಗಲೇ ನಿಮ್ಮ ಸ್ವಂತ ಸಂಖ್ಯೆಯನ್ನು ಹಾಕಿಸಿ, ಕೊಟ್ಟ ಹಣಕ್ಕೆ ರಸೀದಿ ಪಡೆದು, ಟಿಡಿಆರ್ ಸಲ್ಲಿಸಬೇಕಾಗಿ ಬಂದರೆ ರಾತ್ರಿ ಹೊತ್ತಿನಲ್ಲೂ ಅವರನ್ನು ಸಂಪರ್ಕಿಸುವುದು ಹೇಗೆ ಎಂದು ಕೇಳಿಟ್ಟುಕೊಳ್ಳಿ.